ಕೊರಕಲಿನ ಡೀಟೇಲ್

ಗೆಳೆಯರೇ, ಇವತ್ತು ಮಣ್ಣೂರಿನ ಹತ್ತಿರ ಭೀಮಾ ದಂಡೆಯ ಒಣ ಕೊರಕಲಿಗೆ ಇಳಿದು, ಮಣ್ಣಿನ ಪದರುಗಳ ಫೋಟೋ ತೆಗೆಯುತ್ತಿದ್ದೆ. ಮೇಲಿನ ಹೊಲದಿಂದ ಕಾಕಾ ಒಬ್ಬರು ಬಗ್ಗಿ ಕೇಳಿದರು, "ಏನ್ ಮಾಡಾಕತ್ತೀರಿ ಸಾಹೇಬ್ರ?"

"ಡೀಟೇಲ್ ತಗೋಳಾಕತ್ತೇನ್ರಿ ಕಾಕಾ," ಎಂದೆ ಫೋಟೋಗ್ರಾಫರನ ಗತ್ತಿನಿಂದ.

ಅವರು ಸರಸರ ಇಳಿದು ಬಂದು, ಕಿಸೆಯಿಂದ ಆಧಾರ್ ಕಾರ್ಡ್ ತೆಗೆದರು. "ನಮ್ಮ ಹೊಲದ ಅಂಚು ಕುಸದದರಿ. ನಮ್ದೂ ಡೀಟೇಲ್ ತಗೋರಿ."

"ಅಯ್ಯ, ನಾ ಪರಿಹಾರದ ಸರ್ವೇಕ್ಕ ಬಂದಾಂವ ಅಲ್ರಿ!"

"ಗೊತ್ತಾತ್ರಿ. ಅವ್ರು ಇಷ್ಟು ಕೆಳಗ ಇಳ್ಯಂಗಿಲ್ಲ. ನೀವರ ತೆಗೀರಿ."

ಕುಸಿದ ಅಂಚಿನ ಮುಂದೆ ಕಾರ್ಡ್ ಎತ್ತಿ ಹಿಡಿದು ನಿಂತರು. ತೆಗೆದೆ. ಇವತ್ತಿನ ಫೋಟೋಗಳಲ್ಲೆಲ್ಲ ಅದೇ ಶ್ರೇಷ್ಠ. ಆದರೆ ಇಲ್ಲಿ ಹಾಕುವಂತಿಲ್ಲ. ತೆಗೆದವನು ನಾನಲ್ಲವೇ, ಆಧಾರ್ ನಂಬರಿನ ಒಂದಂಕಿಯೂ ಮಸುಕಾಗಿಲ್ಲ.