ಒಂಬತ್ತನೇ ಡಬ್ಬಿಯ ಮುಚ್ಚಳ

ಮೊನ್ನೆ ಮೊಮ್ಮಗಳು ಅಟ್ಟದಿಂದ ಒಂದು ಅಗಲವಾದ ದುಂಡು ತಗಡಿನ ಡಬ್ಬಿ ಇಳಿಸಿಕೊಂಡು ಬಂದಳು. "ಅಜ್ಜಿ, ಇದು ಕೇಕ್ ಟಿನ್ನಾ?" ಎನ್ನುತ್ತಲೇ ಮುಚ್ಚಳ ತೆಗೆದಳು. ಮೊದಲು ಮೂಗಿಗೆ ಬಂದದ್ದು ಹಳೆಯ ಕೋಡುಬಳೆಯ ಎಣ್ಣೆ ವಾಸನೆ. ಅದರ ಹಿಂದೆಯೇ, ತೆಳ್ಳಗೆ, ಹುಳಿಹುಳಿಯಾಗಿ ಇನ್ನೊಂದು... ಸಿನಿಮಾ ರೀಲಿನ ವಾಸನೆ. ಇಷ್ಟು ವರ್ಷ ಕೋಡುಬಳೆ ತುಂಬಿಟ್ಟರೂ ಹೋಗಿಲ್ಲ.

ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಒಂಬತ್ತು ಎಂಬ ಅಂಕಿ. ಒಳಗೆ ತಳಕ್ಕೆ ಹಳೆಯ ಪೋಸ್ಟರ್ ಕಾಗದ ಗಟ್ಟಿಯಾಗಿ ಅಂಟಿಕೊಂಡಿದೆ. "ಬಿಸಿನೀರಲ್ಲಿ ನೆನೆ ಹಾಕು, ಬಿಡುತ್ತೆ" ಎಂದೆ. ಅವಳು ನೆನೆ ಹಾಕಿದಳು. ನಾನು ಅಲ್ಲೇ ಕುರ್ಚಿ ಎಳೆದು ಕೂತೆ, ಟಾಕೀಸ್ ಮಾವ ಕಣ್ಣ ಮುಂದೆ ಬಂದು ನಿಂತರು.

ಅವರು ನನ್ನ ಸ್ವಂತ ಮಾವನೇನೂ ಅಲ್ಲ. ಚಳ್ಳಕೆರೆಯಲ್ಲಿ ನಮ್ಮ ಎದುರು ಮನೆಯವರು, ಎಣ್ಣೆ ಮಿಲ್ಲಿನ ಮನೆತನ. ಅಣ್ಣ ಮಿಲ್ಲು ನೋಡಿಕೊಳ್ಳುತ್ತಿದ್ದರು. ಇವರಿಗೆ ಶೇಂಗಾದಲ್ಲಿ ಇಂಟರೆಸ್ಟೇ ಇರಲಿಲ್ಲ. ಮೊಳಕಾಲ್ಮೂರಿನಲ್ಲಿದ್ದ ಮನೆತನದ ಟಾಕೀಸೇ ಇವರ ಪ್ರಾಣ. ದಿನಾ ಬೆಳಿಗ್ಗೆ ಹಣೆಗೆ ವಿಭೂತಿ, ಕಂಕುಳಲ್ಲಿ ಪೋಸ್ಟರಿನ ಸುರುಳಿ, ಮೊಳಕಾಲ್ಮೂರಿನ ಬಸ್ಸು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ ಈ ಬೀದಿಗೆ ಸೊಸೆಯಾಗಿ ಬಂದ ನನ್ನನ್ನು ಅವರು ಕರೆಯುತ್ತಿದ್ದದ್ದು "ಇಂಗ್ಲೀಷ್ ತಾಯಿ" ಅಂತ. ನಾನು ಮಾತಿಗೊಮ್ಮೆ "ಮೈ ಗುಡ್‌ನೆಸ್" ಎಂದರೆ ಸಾಕು, ಜಗಲಿಯ ಮೇಲಿಂದ ಅವರೂ "ಗುಡ್‌ನೆಸ್, ಗುಡ್‌ನೆಸ್" ಎಂದು ಅಣಕಿಸುವರು.

ತೊಂಬತ್ತರ ದಶಕದ ಕೊನೆಯ ಮಾತು. ಮನೆಮನೆಗೆ ಕೇಬಲ್ ಬಂದಿತ್ತು. ಟಾಕೀಸಿಗೆ ಬರುವವರು ಕಡಿಮೆಯಾಗಿದ್ದರು. ಒಂದು ದಿನ ಅವರ ಅಣ್ಣ ಜಗಲಿಯ ಮೇಲೆ, ನಾವೆಲ್ಲ ಕೇಳುವಂತೆಯೇ, ಹೇಳಿಬಿಟ್ಟರು:

"ಲೇ ತಮ್ಮ, ಇದೊಂದು ಪಿಕ್ಚರು ಎರಡು ವಾರ ಓಡಿಸಿ ತೋರ್ಸು. ಇಲ್ಲಾಂದ್ರೆ ಟಾಕೀಸ್ನಾಗೆ ಶೇಂಗಾ ಮೂಟೆ ಇಳಿಸ್ತೀನಿ. ಮೂಟೆಗಳಾದ್ರೂ ಇಂಟರ್‌ವಲ್‌ನಾಗೆ ಎದ್ದು ಹೋಗಲ್ಲ!"

ಮಾವ ನಕ್ಕರು. ಆದರೆ ಆವತ್ತು ಅವರು ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟದ್ದು ನನಗೆ ಇನ್ನೂ ನೆನಪಿದೆ.

'ಇದೊಂದು ಪಿಕ್ಚರು' ಅಂದರೆ ಎಂಥದ್ದು! ಹೊಸಬರು, ಕೈಯಲ್ಲಿದ್ದಷ್ಟರಲ್ಲೇ ಮುಗಿಸಿದ ಒಂದು ಕೊಲೆಯ ಕಥೆ. ಒಂದೇ ಮನೆ, ಒಂದೇ ಕಾರು, ಹೀರೋಯಿನ್‌ಗೆ ಇಡೀ ಸಿನಿಮಾಕ್ಕೆ ಮೂರೇ ಸೀರೆ. ಮನೆ ಬಾಡಿಗೆಗೆ ಬಂದವರು ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊಂದವರು ಯಾರು ಅನ್ನುವುದೇ ಸಸ್ಪೆನ್ಸ್. ಚಳ್ಳಕೆರೆಯಲ್ಲಿ ಮೂರು ದಿನಕ್ಕೆ ಎತ್ತಿದ್ದರು. ದಾವಣಗೆರೆಯಲ್ಲೂ ಅದೇ ಗತಿ ಅಂತ ಸುದ್ದಿ. ಮಾವನಿಗೆ ಸಿಕ್ಕಿದ್ದು ಅದೊಂದೇ.

ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಿಲ್ಲಿನ ತಕ್ಕಡಿಗೆ ಹೇಗೆ ಪೂಜೆಯೋ ಹಾಗೆ ಹೊಸ ಪಿಕ್ಚರಿನ ರೀಲು ಡಬ್ಬಿಗಳಿಗೂ ಶುಕ್ರವಾರ ಬೆಳಿಗ್ಗೆ ಪೂಜೆಯಾಗಬೇಕು. ದೇವರ ಮುಂದೆ ಇಟ್ಟು, ವಿಭೂತಿ ಹಚ್ಚಿ, ಆಮೇಲೆ ಮೊಳಕಾಲ್ಮೂರಿಗೆ. ಆ ಶುಕ್ರವಾರ ಮಾವನ ಹೆಂಡತಿ, ಅಂದರೆ ನಮ್ಮ ಅತ್ತೆ, ಡಬ್ಬಿಗಳನ್ನು ನೋಡಿ ಮುಖ ಕಿವುಚಿದರು. ಊರೂರು ಸುತ್ತಿ ಬಂದ ಡಬ್ಬಿಗಳು. ಗ್ರೀಸು, ಧೂಳು, ಯಾರೋ ಉಗಿದ ಎಲೆಅಡಿಕೆಯ ಕಲೆ ಬೇರೆ.

"ಇವನ್ನ ದೇವರ ಮುಂದೆ ಹೆಂಗಿಡಾದೇ?"

"ತೊಳೆದರಾಯ್ತು ಬಿಡಿ ಅತ್ತೆ" ಎಂದವಳು ನಾನೇ. ಕಾನ್ವೆಂಟಿನಲ್ಲಿ ಸಿಸ್ಟರು ದಿನಾ ಉಗುರು ನೋಡಿ ಒಳಗೆ ಬಿಡುತ್ತಿದ್ದರು. ಆ ಟ್ರೈನಿಂಗು ಎಲ್ಲಿ ಹೋಗುತ್ತೆ? ಇಂಟರ್‌ವಲ್‌ಗೆ ಮುಂಚಿನ ಎಂಟು ರೀಲುಗಳ ಡಬ್ಬಿಗಳು ಪರವಾಗಿರಲಿಲ್ಲ, ಒರೆಸಿದೆವು. ಆಮೇಲಿನ ಆರು ಡಬ್ಬಿಗಳ ಮುಚ್ಚಳಗಳನ್ನಷ್ಟೇ ತೆಗೆದು ಸಬೀನಾ ಹಾಕಿ ಉಜ್ಜಿ, ತೊಳೆದು, ಹಿತ್ತಲಿನ ಬಿಸಿಲಿಗೆ ಒಣಗಲು ಇಟ್ಟೆ. ಒಣಗಿದ ಮೇಲೆ ಹಬ್ಬದ ಮುಂಚೆ ಅಡುಗೆಮನೆ ಡಬ್ಬಿಗಳಿಗೆ ಮುಚ್ಚುವಂತೆಯೇ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಮುಚ್ಚಿದೆ. ಎಲ್ಲವೂ ಒಂದೇ ಸೈಜು. ಎಲ್ಲವೂ ಪರ್ಫೆಕ್ಟಾಗಿ ಕೂತವು.

ರೀಲಿನ ನಂಬರು ಇರುವುದು ಮುಚ್ಚಳದ ಮೇಲೆ ಮಾತ್ರ ಅನ್ನುವುದು ನನಗೇನು ಗೊತ್ತು!

ಮೊದಲ ಶೋಗೆ ಅತ್ತೆ, ನಾನು ಮಾವನ ಜೊತೆಗೇ ಹೋದೆವು. ಮಧ್ಯಾಹ್ನದ ಆಟ. ನಲವತ್ತು ಜನ ಇದ್ದರೋ ಏನೋ, ಹೆಚ್ಚಿನವರು ಮಗ್ಗದ ಕೆಲಸ ಬಿಟ್ಟು ಬಂದ ನೇಕಾರರ ಮನೆಯವರು. ಇಂಟರ್‌ವಲ್ ತನಕ ಎಲ್ಲ ಸರಿಯಾಗಿತ್ತು. ಆಮೇಲೆ ದೀಪ ಆರಿತು, ನೋಡಿದರೆ ಪೊಲೀಸರು ಮನೆಯ ಓನರನ್ನು ಕೈಕೋಳ ಹಾಕಿ ಎಳೆದುಕೊಂಡು ಹೋಗುತ್ತಿದ್ದಾರೆ! ದಿನಾ ಹೀರೋಯಿನ್‌ಗೆ ನಗುನಗುತ್ತಾ ಕಾಫಿ ತಂದುಕೊಡುತ್ತಿದ್ದ ಆ ಸಾಧು ಮುದುಕ. ಕಾಫಿಯಲ್ಲೇ ವಿಷ ಹಾಕಿದ್ದನಂತೆ. ಹತ್ತು ನಿಮಿಷಕ್ಕೆ ಪರದೆ ಮೇಲೆ 'ಶುಭಂ'.

"ಏನ್ರೀ ಇದು, ಈಗಿನ್ನಾ ಇಂಟರ್‌ವಲ್ ಆಯ್ತು!" ಎಂದು ಯಾರೋ ಕೂಗಿದರು. ಜನ ಎದ್ದು ನಿಂತರು. ಅಷ್ಟರಲ್ಲಿ ಸಿನಿಮಾ ಮತ್ತೆ ಶುರುವಾಯಿತು. ಜೈಲಿಗೆ ಹೋದ ಓನರು ಕಾಫಿ ಲೋಟ ಹಿಡಿದು ಬರುತ್ತಿದ್ದಾನೆ!

ನನಗೆ ತಟ್ಟನೆ ಹೊಳೆಯಿತು. ಹಿತ್ತಲು, ಬಿಸಿಲು, ಸಾಲಾಗಿ ಆರು ಮುಚ್ಚಳ... ಅತ್ತೆ ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ನೋಡಿದೆ.

ಆದರೆ ಆಮೇಲಿನ ಮಜಾ ಹೇಗೆ ಹೇಳಲಿ! ಕೊಂದವನು ಯಾರೆಂದು ಈಗ ಎಲ್ಲರಿಗೂ ಗೊತ್ತು, ಹೀರೋಯಿನ್‌ಗೆ ಮಾತ್ರ ಗೊತ್ತಿಲ್ಲ. ಓನರು ಒಂದೊಂದು ಸಲ ಲೋಟ ತಂದಾಗಲೂ ಹೆಂಗಸರ ಕಡೆಯಿಂದ ಗಲಾಟೆ. "ವದ್ದಮ್ಮಾ, ತಾಗೊದ್ದು!" ಎಂದು ತೆಲುಗಿನಲ್ಲಿ ಒಬ್ಬರು, "ಕುಡೀಬ್ಯಾಡ ಕಣೇ, ಚೆಲ್ಲೇ ಅದನ್ನ!" ಎಂದು ಕನ್ನಡದಲ್ಲಿ ಇನ್ನೊಬ್ಬರು. ಅವಳು ಲೋಟ ಕೆಳಗಿಟ್ಟರೆ ಚಪ್ಪಾಳೆ. ಕೊನೆಗೆ ಬಂದದ್ದು ಇಂಟರ್‌ವಲ್ ಆದಕೂಡಲೇ ಬರಬೇಕಿದ್ದ ರೀಲು. ಅದರಲ್ಲೊಂದು ಪಿಕ್‌ನಿಕ್ ಹಾಡು. ಅಷ್ಟು ಹೊತ್ತಿಗೆ ಸತ್ತುಹೋಗಿದ್ದವರೆಲ್ಲ ಎದ್ದು ಬಂದು, ಓನರಿನ ಜೊತೆ ಕೈಕೈ ಹಿಡಿದು, ಗುಡ್ಡದ ಮೇಲೆ ಕುಣಿದು ಹಾಡಿದರು. ಅಲ್ಲಿಗೆ ಸಿನಿಮಾ ಮುಗಿಯಿತು.

ಮಾವ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರು, ಬೈಸಿಕೊಳ್ಳಲು ತಯಾರಾಗಿ. ಮೊದಲು ಬಂದವಳು ಒಬ್ಬ ಮುದುಕಿ. ಅವರ ಕೈ ಹಿಡಿದು, "ಚಾಲಾ ಬಾಗುಂದಯ್ಯಾ! ಸಚ್ಚಿನೋಳ್ಳಂತಾ ಬತಿಕೊಚ್ಚಿನಾರು!" ಎಂದಳು. ಸತ್ತವರೆಲ್ಲ ಬದುಕಿ ಬಂದರು ಅನ್ನುವ ಸಂತೋಷ ಅವಳಿಗೆ. ಹಿಂದೆ ಬಂದವರೆಲ್ಲ ನಗುತ್ತಲೇ ಹೋದರು.

ಮಾವನಿಗೆ ಅದು ತಲೆಗೆ ಹೋಗಲಿಲ್ಲ. ನೇರ ಆಪರೇಟರ್ ರೂಮಿಗೆ ಹೋದರು. ಆಪರೇಟರ್ ಬೆಳಿಗ್ಗೆ ಸೀರೆ ನೇಯ್ದು ಮಧ್ಯಾಹ್ನ ಮಷೀನ್ ನಡೆಸುವವನು.

"ಲೇ, ಕಣ್ಣು ಮಗ್ಗದಾಗೇ ಬಿಟ್ಟು ಬಂದೀಯೇನಲೇ?"

"ಸೂಡಂಡಿ ಸಾರ್! ಮುಚ್ಚಳದ ಮ್ಯಾಲೆ ಒಂಬತ್ತು ಅಂತಾನೇ ಐತೆ. ನಾನೇನ್ ಮಾಡ್ಲಿ?"

ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಎರಡು ವಾರ ಓಡಬೇಕಾದ ಪಿಕ್ಚರಿಗೆ ಮೊದಲ ದಿನವೇ ನನ್ನಿಂದ ಹೀಗಾಯಿತೆಂದು ಹೇಗೆ ಹೇಳುವುದು?

ಮರುದಿನ ಆಪರೇಟರ್ ರೀಲುಗಳನ್ನು ಸರಿಯಾದ ಕ್ರಮದಲ್ಲಿ ಹಾಕಿದನಂತೆ. ನಾವಿರಲಿಲ್ಲ, ಮಾವನೇ ಬಂದು ಹೇಳಿದ್ದು. ಹಾಲ್ ಪೂರ್ತಿ ತಣ್ಣಗೆ. ಯಾರೂ ಕೂಗಲಿಲ್ಲ, ನಗಲಿಲ್ಲ. ಹಿಂದಿನ ದಿನ ನೋಡಿ, ಅಕ್ಕಪಕ್ಕದ ಮನೆಯವರನ್ನೂ ಎಬ್ಬಿಸಿಕೊಂಡು ಎರಡನೇ ಸಲ ಬಂದ ಹೆಂಗಸರು ಮಾತ್ರ ಕೊನೆಯಲ್ಲಿ ಎದ್ದು ನಿಂತು ಜಗಳ ತೆಗೆದರಂತೆ.

"ನಿನ್ನೆ ತೋರ್ಸಿದಂಗೆ ತೋರ್ಸ್ರಿ! ಎಲ್ರನ್ನೂ ಸಾಯಿಸಿ ನಮ್ಮನ್ನ ಮನೀಗೆ ಕಳಿಸ್ತೀರಾ?"

ಮಾವ ಆಪರೇಟರ್‌ಗೆ ಹೇಳಿದರಂತೆ, "ಮುಚ್ಚಳ ಹೆಂಗೆ ಹೇಳುತ್ತೋ ಹಂಗೇ ಹಾಕಪ್ಪ."

ಆಮೇಲೆ ಹಿಡಿಯುವವರೇ ಇಲ್ಲ. ಭಾನುವಾರ ರಾಂಪುರದಿಂದ ಬಸ್ಸು ಹತ್ತಿ ಜನ ಬಂದರು. ಹೌಸ್‌ಫುಲ್ ಬೋರ್ಡು ಬೇಕಾಯಿತು, ಹುಡುಕಿದರೆ ಎಲ್ಲಿ? ಕ್ಯಾಂಟೀನಿನವನು ಅದನ್ನು ಎಷ್ಟೋ ವರ್ಷದಿಂದ ನೀರಿನ ಡ್ರಮ್ಮಿನ ಮೇಲೆ ಮುಚ್ಚಿದ್ದ! ಮೊಳಕಾಲ್ಮೂರಿನಲ್ಲಿ ಯಾರಾದರೂ ನಗುತ್ತಾ ಕಾಫಿ ಕೊಟ್ಟರೆ "ನೀನು ಮೊದಲು ಕುಡಿ" ಅನ್ನುವುದು ಜೋಕಾಯಿತು. ಎರಡನೇ ವಾರ ಮುಗಿದ ದಿನ ಮಾವ ತಮ್ಮ ಅಣ್ಣನಿಗೆ ಒಂದು ಟಿಕೆಟು ಕೊಟ್ಟು, "ಬರ್ರಿ ಅಣ್ಣ, ಮೂಟೆಗಳ ಪಕ್ಕ ಜಾಗ ಇಟ್ಟಿದೀನಿ" ಎಂದರು. ಅಣ್ಣ ಬಂದರು. ಅವರೂ "ಕುಡೀಬ್ಯಾಡವ್ವಾ!" ಎಂದು ಕೂಗಿದ್ದನ್ನು ನಾನೇ ಕಿವಿಯಾರೆ ಕೇಳಿದೆ. ಶೇಂಗಾದ ಮಾತು ಅಲ್ಲಿಗೆ ನಿಂತಿತು.

ನನಗೆ ಮಾತ್ರ ಒಂದು ಗಿಲ್ಟು. ಬೈಸಿಕೊಂಡ ಆಪರೇಟರ್‌ಗೆ ವಾರವಾರ ಕೋಡುಬಳೆ ಮಾಡಿ ಮಾವನ ಕೈಯಲ್ಲೇ ಕಳಿಸುತ್ತಿದ್ದೆ. "ಅವನಿಗೆ ಯಾಕೆ ತಾಯಿ ಇಷ್ಟು?" ಎಂದು ಕೇಳಿದರೆ, "ಪಾಪ, ಹಾರ್ಡ್‌ವರ್ಕಿಂಗ್ ಮ್ಯಾನ್" ಅನ್ನುತ್ತಿದ್ದೆ.

ಮೂರನೇ ವಾರ ಆ ಸಿನಿಮಾದ ಡೈರೆಕ್ಟರೇ ಬಂದ, ಆವತ್ತು ನಾನೂ ಅಲ್ಲಿದ್ದೆ. ಗಡ್ಡ ಬಿಟ್ಟ ಸಣಕಲು ಯುವಕ. ಎಲ್ಲ ಊರಲ್ಲೂ ಬಿದ್ದುಹೋದ ತನ್ನ ಪಿಕ್ಚರು ಇಲ್ಲೊಂದೇ ಕಡೆ ಯಾಕೆ ಓಡುತ್ತಿದೆ ಎಂದು ನೋಡಲು ಬಂದಿದ್ದ. ಮಾವ ಅವನನ್ನು ಒಳಗೆ ಬಿಡದಿರಲು ಮಂಡಕ್ಕಿ, ಮೆಣಸಿನಕಾಯಿ, ಮೂರು ಸಲ ಟೀ, ಎಲ್ಲ ಕೊಡಿಸಿ ನೋಡಿದರು. ಅವನು ಹೋಗಿ ಹಿಂದಿನ ಸಾಲಿನಲ್ಲಿ ಕೂತೇಬಿಟ್ಟ. ಆಟ ಮುಗಿದು ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. ಅತ್ತನೋ, ನಕ್ಕನೋ...

"ಯಜಮಾನ್ರೇ, ಆರು ತಿಂಗಳು ಎಡಿಟಿಂಗ್ ರೂಮಲ್ಲಿ ಕೂತರೂ ನನಗೆ ಹೊಳೀಲಿಲ್ಲ. ನಿಮಗೆ ಹೆಂಗೆ ಹೊಳೀತು?"

"ಎಲ್ಲ ಶಿವನ ಆಟ" ಎಂದರು ಮಾವ. ಹೇಳುವಾಗ ಒಂದು ಕ್ಷಣ ನನ್ನ ಕಡೆ ನೋಡಿದಂತಾಯಿತು. ಇಲ್ಲ, ನನ್ನ ಹಿಂದಿದ್ದ ಪೋಸ್ಟರಿನ ಕಡೆ ಇರಬೇಕು ಅಂದುಕೊಂಡೆ.

ನಾಲ್ಕು ವಾರ ಓಡಿತು ಆ ಸಿನಿಮಾ. ಪ್ರಿಂಟು ವಾಪಸ್ ಹೋಗುವಾಗ ಡೈರೆಕ್ಟರ್ ಹೇಳಿಕಳಿಸಿದಂತೆ ಕೊನೆಯ ರೀಲಿನ ಡಬ್ಬಿಯೊಂದನ್ನು, ಒಂಬತ್ತರ ಮುಚ್ಚಳದ ಸಮೇತ, ಮಾವ ನೆನಪಿಗೆ ಇಟ್ಟುಕೊಂಡರು. ಟಾಕೀಸು ಇನ್ನೂ ಐದಾರು ವರ್ಷ ನಡೆಯಿತು. ಆಮೇಲೆ ತಾನಾಗಿಯೇ, ಯಾರ ಜಗಳವೂ ಇಲ್ಲದೆ, ಮುಚ್ಚಿತು. ಕೊನೆಯ ಆಟದ ಮರುದಿನ ಮಾವ ಈ ಡಬ್ಬಿ ತಂದು ನನಗೆ ಕೊಟ್ಟರು. ತಳಕ್ಕೆ ಪೋಸ್ಟರ್ ಕಾಗದ ನೀಟಾಗಿ ಅಂಟಿಸಿದ್ದರು.

"ಇಟ್ಕೋ ತಾಯಿ. ಕೋಡುಬಳೆಗೆ ಚೆನ್ನಾಗೈತೆ."

ಒಂದು ದಿನ ಹೇಳಿಬಿಡೋಣ, ಅದು ನಾನು ಮಾಡಿದ ಘನಕಾರ್ಯ ಅಂತ, ಎಂದುಕೊಳ್ಳುತ್ತಲೇ ಇದ್ದೆ. ಅತ್ತೆ ಹೋದರು. ಎರಡು ವರ್ಷಕ್ಕೆ ಮಾವನೂ ಹೋದರು. ಹೇಳುವುದು ಹಾಗೇ ಉಳಿಯಿತು...

"ಅಜ್ಜಿ! ಪೇಪರ್ ಎದ್ದು ಬಂತು. ಕೆಳಗೆ ಏನೋ ಕೆತ್ತಿದಾರೆ ನೋಡು."

ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದೆ. ಮೊಳೆಯಲ್ಲಿ ಗೀಚಿದ ಅಕ್ಷರಗಳು, ಅವರವೇ, ಮಿಲ್ಲಿನ ಮೂಟೆಗಳ ಮೇಲೆ ಬರೆಯುತ್ತಿದ್ದ ಅದೇ ದಪ್ಪ ಕೈ. ಮೇಲೆ ೧೪ ಅನ್ನುವ ಅಂಕಿ. ಅದರ ಕೆಳಗೆ ಒಂದೇ ಸಾಲು:

'ಇಂಗ್ಲೀಷ್ ತಾಯಿ ತೊಳೆದದ್ದು.'

ಮೈ ಗುಡ್‌ನೆಸ್! ಎಲ್ಲ ಗೊತ್ತಿತ್ತು ಆ ಮನುಷ್ಯನಿಗೆ. ನಾನು ಕೊಟ್ಟ ಕೋಡುಬಳೆ ಹೊತ್ತುಕೊಂಡು ಹೋಗುವಾಗಲೂ ಗೊತ್ತಿತ್ತು. ಕೂತಲ್ಲೇ ಜೋರಾಗಿ ನಕ್ಕೆ. ನಗುತ್ತಾ ನಗುತ್ತಾ ಎದುರು ಮನೆಯ ಕಡೆ ತಿರುಗಿದೆ. ಅಲ್ಲಿ ಈಗ ಬೇರೆಯವರಿದ್ದಾರೆ, ಜಗಲಿಗೆ ಗ್ರಿಲ್ ಹಾಕಿಸಿದ್ದಾರೆ. "ಗುಡ್‌ನೆಸ್, ಗುಡ್‌ನೆಸ್" ಎಂದು ಅಣಕಿಸುವವರು ಯಾರೂ ಇರಲಿಲ್ಲ.

ಮೊಮ್ಮಗಳು ಡಬ್ಬಿ ಒರೆಸಿ ಮುಚ್ಚಳ ಕೈಗೆತ್ತಿಕೊಂಡಳು. "ಇದರ ಮೇಲೆ ಒಂಬತ್ತು, ಡಬ್ಬಿ ತಳದಲ್ಲಿ ಹದಿನಾಲ್ಕು. ಇದು ಇದರ ಮುಚ್ಚಳ ಅಲ್ಲ ಅಲ್ವಾ ಅಜ್ಜಿ?"

"ಅದೇ ಅದರ ಮುಚ್ಚಳ" ಎಂದೆ. "ಹಾಗೇ ಮುಚ್ಚು."