ನೀರಿನ ಫಿಲ್ಟರ್ ಪಕ್ಕದ ಮೇಜು

ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಆ ಮೇಡಂಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಗುಡುಗು. ಹೆಸರಿಗೆ ಕಾರಣ ಕೋಪವಲ್ಲ, ಗಂಟಲು. ಅವರು ಮೂಲೆಯ ಕೋಣೆಯಲ್ಲಿ ಪಾಠ ಶುರುಮಾಡಿದರೆ ಆಚೆ ತುದಿಯ ಇತಿಹಾಸದ ತರಗತಿಯವರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಆಳು ನೋಡಿದರೆ ಕುಳ್ಳಗೆ, ದುಂಡಗೆ. ಮೊಣಕೈತನಕ ಸೀಮೆಸುಣ್ಣದ ಪುಡಿ. ಬೋರ್ಡಿನ ಮೇಲಿನ ಸಾಲುಗಳಿಗೆ ಕೈ ಎಟುಕದೆ ಒಂದು ಮರದ ಮಣೆಯ ಮೇಲೆ ನಿಂತು ಬರೆಯುತ್ತಿದ್ದರು. ಪಾಠ ಮುಗಿದಾಗ ತಿರುಗಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅರ್ಥ ಆಯ್ತಾ?"

ಇಡೀ ತರಗತಿ ಒಂದೇ ರಾಗದಲ್ಲಿ, "ಆಯ್ತು ಮೇಡಂ" ಅನ್ನುತ್ತಿತ್ತು.

ವರ್ಷಗಟ್ಟಲೆ ಇದು ಹೀಗೇ ನಡೆದುಕೊಂಡು ಬಂದಿತ್ತು. ಮಕ್ಕಳಿಗೆ ಅರ್ಥವಾಗುತ್ತಿದೆ ಎಂದು ಮೇಡಂ ಮನಸಾರೆ ನಂಬಿದ್ದರು. ಗುಡುಗಿನ ಎದುರು ನಿಂತು "ಆಗಲಿಲ್ಲ" ಅನ್ನುವ ಗುಂಡಿಗೆ ಯಾರಿಗಿತ್ತು?

ಒಂದು ವರ್ಷ ಮೊದಲ ವರ್ಷದವರ ಮೊದಲ ಕಿರುಪರೀಕ್ಷೆಯಲ್ಲಿ ಅರ್ಧ ತರಗತಿ ಮಕಾಡೆ ಮಲಗಿತು. ಉಳಿದರ್ಧ ಮೊಣಕಾಲೂರಿಕೊಂಡು ಹೇಗೋ ದಾಟಿತು. ಪ್ರಿನ್ಸಿಪಾಲರು ಮೇಡಂನ ಕರೆಸಿದರು. ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. ಆದರೆ ಯಾವ ಕೆಲಸವನ್ನೂ ಇನ್ನೊಬ್ಬರ ಹೆಗಲಿಗೆ ದಾಟಿಸುವುದರಲ್ಲಿ ಪಳಗಿದ ಕೈ.

"ಮೇಡಂ, ಇವರಿಗೆ ಏನಾದ್ರೂ ಮಾಡ್ಬೇಕಲ್ಲ. ಮಧ್ಯಾಹ್ನದ ಪಾಠ ಮುಗಿದ್ಮೇಲೆ ಒಂದು ಗಂಟೆ ಹೊತ್ತು ಮೀಸಲಿಡಿ. ಬಂದು ಕೇಳ್ಲಿ, ನೀವು ಹೇಳ್ಕೊಡಿ."

ಮೇಡಂ ಒಪ್ಪಿದರು. ಸ್ಟಾಫ್ ರೂಮಿನಲ್ಲಿ ತಮ್ಮ ಮೇಜು ಒರೆಸಿ, ಎದುರಿಗೆ ಎರಡು ಕುರ್ಚಿ ಹಾಕಿಸಿ, ಹೊಸ ಸೀಮೆಸುಣ್ಣದ ಡಬ್ಬಿ ತರಿಸಿ ಕೂತರು. ಒಂದು ವಾರ ನೊಣವೂ ಹತ್ತಿರ ಸುಳಿಯಲಿಲ್ಲ. ಎರಡನೇ ವಾರ ಒಬ್ಬ ಹುಡುಗ ಪುಸ್ತಕ ಎದೆಗವಚಿಕೊಂಡು ಬಾಗಿಲಿಗೆ ಬಂದ. ಒಳಗೆ ಚಹಾ ಕುಡಿಯುತ್ತಿದ್ದ ಅಷ್ಟೂ ಜನ ಉಪನ್ಯಾಸಕರು ಒಟ್ಟಿಗೆ ತಲೆಯೆತ್ತಿ ಅವನನ್ನು ನೋಡಿದರು.

"ಏನಪ್ಪಾ?" ಎಂದು ಮೇಡಂ ತಮ್ಮ ಮಟ್ಟಿಗೆ ಮೆಲ್ಲಗೇ ಕೇಳಿದರು.

"ಏನಿಲ್ಲ ಮೇಡಂ, ಡಸ್ಟರ್ ಬೇಕಿತ್ತು" ಎಂದವನೇ ಡಸ್ಟರನ್ನೂ ತೆಗೆದುಕೊಳ್ಳದೆ ಓಟಕಿತ್ತ.

ಆ ಸಂಜೆ ಮೇಡಂ ಮನೆಯಲ್ಲಿ ಹುಳಿ ಮುಖ ಹಾಕಿಕೊಂಡು ಕೂತಿದ್ದರು. ಅವರ ಯಜಮಾನರದು ಕನ್ನಡಕದ ಅಂಗಡಿ. ಹಗಲೆಲ್ಲ ಗಿರಾಕಿಗಳ ಮೂಗಿನ ಅಳತೆ ತೆಗೆಯುವವರು. ಹೆಂಡತಿಯ ಮುಖ ಓದುವುದು ಅವರಿಗೆ ಕಷ್ಟವೇ?

"ಏನೇ, ಇವತ್ತು ಮೋಡ ಕವಿದಿದೆ?"

"ಯಾರೂ ಬರ್ತಿಲ್ಲ ರೀ. ನಾನೇನು ಹುಲೀನಾ, ಕರಡೀನಾ?"

"ಅಲ್ವೇ, ನಾನು ಅಂಗಡಿ ಶುರು ಮಾಡಿದಾಗ ಕನ್ನಡಕ ಎಲ್ಲ ಒಳಗಿನ ಬೀರುವಲ್ಲಿ ಇಟ್ಟಿದ್ದೆ. ಒಬ್ಬರೂ ಬರ್ಲಿಲ್ಲ. ಕನ್ನಡಿ ಒಂದನ್ನ ತಂದು ಬಾಗಿಲ ಹೊರಗೆ ಹಾಕ್ದೆ ನೋಡು. ಜನ ತಲೆ ಬಾಚ್ಕೊಳ್ಳೋಕೆ ನಿಂತ್ರು. ನಿಂತೋರು ಒಳಗೂ ಬಂದ್ರು."

"ಅಂದ್ರೆ ನಾನು ಬಾಗಿಲಲ್ಲಿ ಕನ್ನಡಿ ಹಾಕ್ಲಾ?"

"ಅವರು ಎಲ್ಲಿ ನಿಲ್ತಾರೋ ಅಲ್ಲಿಗೆ ನೀನು ಹೋಗು ಅಂದೆ."

ಮಾರನೆಯ ದಿನ ಮೇಡಂ ಕಾಲೇಜನ್ನೆಲ್ಲ ಒಂದು ಸುತ್ತು ಹಾಕಿ ನೋಡಿದರು. ಎಲ್ಲರೂ ಒಂದಲ್ಲ ಒಂದು ಹೊತ್ತಿನಲ್ಲಿ ಬಂದು ನಿಲ್ಲುವ ಜಾಗ ಒಂದೇ: ಮೆಟ್ಟಿಲ ಕೆಳಗಿನ ನೀರಿನ ಫಿಲ್ಟರ್. ಗೋಡೆಗೆ ಬಿಗಿದ ಸ್ಟೀಲ್ ಪೆಟ್ಟಿಗೆ, ಕೆಳಗೊಂದು ತೊಟ್ಟಿ, ಕಳುವಾಗದಂತೆ ಸರಪಳಿ ಹಾಕಿದ ಒಂದು ಲೋಟ. ಅದರ ಪಕ್ಕಕ್ಕೆ ಮೇಜು ಕುರ್ಚಿ ಹಾಕಿಸಿಕೊಂಡು ಮೇಡಂ ಕೂತುಬಿಟ್ಟರು. ಅತ್ತ ಹೋಗುತ್ತಿದ್ದ ಇತಿಹಾಸದ ಮೇಷ್ಟ್ರು ನಿಂತು ಕೇಳಿದರು: "ಏನು ಮೇಡಂ, ಲೋಟಕ್ಕೆ ಕಾವಲಾ?"

ಮೊದಮೊದಲು ಎಲ್ಲ ತಲೆಕೆಳಗಾಯಿತು. ನೀರಿಗೆ ಬಂದವರನ್ನೆಲ್ಲ ಮೇಡಂ ಹಿಡಿದು, "ಲೆಕ್ಕದಲ್ಲಿ ಏನಾದ್ರೂ ಸಂದೇಹ ಇದೆಯಾ?" ಎಂದು ಕೇಳಿದರು. ಮೊದಲು ಸಿಕ್ಕಿಬಿದ್ದ ಹುಡುಗನಿಗೆ ನೆತ್ತಿಗೆ ನೀರು ಹತ್ತಿತು. ಸುದ್ದಿ ಹಬ್ಬಿದ ಮೇಲೆ ಇಡೀ ಮೊದಲ ವರ್ಷ ಎದುರಿನ ಕಟ್ಟಡಕ್ಕೆ ಹೋಗಿ ನೀರು ಕುಡಿಯತೊಡಗಿತು. ಸೋಮಾರಿಗಳು ಬಾಯಾರಿಕೆಯನ್ನೇ ಬಿಟ್ಟರು.

ಮೇಡಂಗೆ ಬುದ್ಧಿ ಬಂತು. ಪ್ರಶ್ನೆ ಕೇಳುವುದನ್ನು ನಿಲ್ಲಿಸಿ, ಮನೆಯಿಂದ ಪೇಪರ್ ತಂದು ಪದಬಂಧ ಬಿಡಿಸುತ್ತ ಕೂತರು. ಲೆಕ್ಕದಲ್ಲಿ ಅವರು ಎಷ್ಟು ಗಟ್ಟಿಯೋ ಪದಬಂಧದಲ್ಲಿ ಅಷ್ಟೇ ದಡ್ಡರು. ಬಿಡಿಸುವುದೂ ಬಾಯಿಬಿಟ್ಟೇ.

"ಕಣ್ಣಿದ್ದರೂ ಕುರುಡಿ, ಎರಡಕ್ಷರ. ಗೂಬೆ? ಅಲ್ವಲ್ಲ, ಅದಕ್ಕೆ ಕಾಣುತ್ತೆ..."

ಲೋಟ ಹಿಡಿದು ನಿಂತಿದ್ದ ಹುಡುಗನೊಬ್ಬನಿಗೆ ತಡೆಯಲಾಗಲಿಲ್ಲ. "ಸೂಜಿ, ಮೇಡಂ."

"ಭೇಷ್! ಬಾ, ಮುಂದಿಂದು ನೋಡು."

ಆವತ್ತಿನಿಂದ ನೀರಿಗೆ ಬಂದವರು ಮೇಡಂ ಭುಜದ ಮೇಲಿಂದ ಬಗ್ಗಿ ನೋಡಿ ಹೋಗತೊಡಗಿದರು. ಗುಡುಗಿಗೂ ಗೊತ್ತಿಲ್ಲದ ಸಂಗತಿಗಳಿವೆ ಎಂಬ ಸುದ್ದಿ ತರಗತಿಗೆ ದೊಡ್ಡ ಸಮಾಧಾನ ತಂದಿತು. ಲೆಕ್ಕದ ಮಾತನ್ನು ಮಾತ್ರ ಇನ್ನೂ ಯಾರೂ ಎತ್ತಿರಲಿಲ್ಲ.

ಆಗ ಬಂದವಳು ಹಿಂದಿನ ಬೆಂಚಿನ ಆ ಹುಡುಗಿ. ತೆಳ್ಳಗಿನ ಮೈ, ಉದ್ದ ಜಡೆ. ತರಗತಿಯಲ್ಲಿ ಅವಳ ದನಿಯನ್ನು ಹಾಜರಿಗಷ್ಟೇ ಕೇಳಿದ್ದು. ಬಂದಳು, ಒಂದು ಲೋಟ ನೀರು ಕುಡಿದಳು, ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು, ಮತ್ತೊಂದು ಲೋಟ. ಮೂರನೆಯ ಸಲ ಬಂದಾಗ ಮೇಡಂ ಪೇಪರಿನ ಮೇಲಿಂದ ಓರೆಗಣ್ಣಲ್ಲಿ ನೋಡಿದರು. ನಾಲ್ಕನೆಯ ಲೋಟವನ್ನು ಅವಳು ಔಷಧಿ ಕುಡಿದ ಹಾಗೆ ಕಣ್ಣು ಮುಚ್ಚಿ ಕುಡಿದಳು.

"ಕೂತ್ಕೋ ಪುಟ್ಟಾ" ಎಂದರು ಮೇಡಂ. "ಇನ್ನೊಂದು ಲೋಟ ಕುಡಿದ್ರೆ ತೇಲ್ತೀಯ."

ಹುಡುಗಿ ಕೂತಳು. ಲೋಟ ಕೈಯಲ್ಲೇ ಇತ್ತು, ಸರಪಳಿ ಬಿಗಿದು ನಿಂತಿತ್ತು. "ಮೇಡಂ, ಒಂದು ಕೇಳ್ಲಾ? ನಗಬಾರ್ದು."

"ನಗಲ್ಲ."

"ನೀವು ಬೋರ್ಡ್ ಮೇಲೆ ದಿನಾ ಒಂದು ಬಾಣ ಬರೀತೀರಲ್ಲ. ಎಕ್ಸ್ ಆದ್ಮೇಲೆ ಬಾಣ, ಆಮೇಲೆ ಸೊನ್ನೆ. ಆ ಬಾಣ ಅಂದ್ರೆ ಏನು?"

ಮೇಡಂ ನಗಲಿಲ್ಲ. ನಗುವ ಸ್ಥಿತಿಯಲ್ಲೂ ಇರಲಿಲ್ಲ. ಆ ವರ್ಷದ ಪಾಠ ಶುರುವಾದಾಗಿನಿಂದ ಆ ಬಾಣದ ಮೇಲೆಯೇ ಪಾಠ ಕಟ್ಟಿಕೊಂಡು ಬಂದಿದ್ದರು. ತಳಪಾಯವೇ ಇಲ್ಲದೆ ಈ ಮಗು ಮೂರನೇ ಅಂತಸ್ತಿನಲ್ಲಿ ಹೇಗೆ ನಿಂತಿತ್ತು?

"ತರಗತಿಲಿ ಯಾಕೆ ಕೇಳ್ಲಿಲ್ಲ?"

"ಎಲ್ರಿಗೂ ಗೊತ್ತಿದೆ ಮೇಡಂ. ನನಗೊಬ್ಬಳಿಗೇ ಗೊತ್ತಿಲ್ಲ."

"ಸರಿ. ಲೋಟ ತುಂಬ ನೀರು ಹಿಡಿ. ಅದರಲ್ಲಿ ಅರ್ಧ ಕುಡಿ."

ಹುಡುಗಿ ಕಂಗಾಲಾಗಿ ನೋಡಿದಳು. "ಮೇಡಂ, ಹೊಟ್ಟೆಲಿ ಜಾಗ ಇಲ್ಲ."

"ಹಾಗಾದ್ರೆ ಚೆಲ್ಲು."

ಅರ್ಧ ತೊಟ್ಟಿಗೆ ಹೋಯಿತು. "ಉಳಿದಿದ್ರಲ್ಲಿ ಅರ್ಧ ಚೆಲ್ಲು. ಅದರಲ್ಲಿ ಉಳಿದಿದ್ರಲ್ಲಿ ಅರ್ಧ. ಹೀಗೇ ಚೆಲ್ತಾ ಹೋದ್ರೆ ಏನು ಉಳಿಯುತ್ತೆ?"

"ಇಷ್ಟೇ ಇಷ್ಟು."

"ಆಮೇಲೆ?"

"ಅದಕ್ಕಿಂತ ಇಷ್ಟೇ ಇಷ್ಟು."

"ಪೂರ್ತಿ ಖಾಲಿ ಆಗುತ್ತಾ?"

ಹುಡುಗಿ ಲೋಟದೊಳಗೆ ಇಣುಕಿದಳು. "ಇಲ್ಲ ಮೇಡಂ. ಪ್ರತಿ ಸಲ ಅರ್ಧ ಉಳಿದೇ ಉಳಿಯುತ್ತಲ್ಲ. ಆದ್ರೆ... ಸೊನ್ನೆ ಕಡೆಗೇ ಹೋಗ್ತಾ ಇದೆ."

"ಬಾಣ ಅಂದ್ರೆ ಅಷ್ಟೇ ಕಣಮ್ಮ. 'ಕಡೆಗೆ'."

ಹುಡುಗಿಯ ಮುಖ ಅರಳಿತು. ಮರುಕ್ಷಣ ಸಿಟ್ಟೂ ಬಂದಂತೆ ಕಂಡಿತು: ಇಷ್ಟಕ್ಕೇನಾ ನಾನು ಇಷ್ಟು ದಿನ ಅತ್ತಿದ್ದು?

ಮಾರನೆಯ ದಿನ ಮೇಡಂ ತರಗತಿಗೆ ಬಂದವರೇ ಬೋರ್ಡಿನ ಮೇಲೆ ದೊಡ್ಡದೊಂದು ಬಾಣ ಬರೆದರು. "ಎಲ್ಲ ಕಣ್ಣು ಮುಚ್ಚಿ. ಕದ್ದು ನೋಡೋ ಹಾಗಿಲ್ಲ. ಈ ಗುರುತಿನ ಅರ್ಥ ಗೊತ್ತಿಲ್ಲದೋರು ಕೈ ಎತ್ತಿ."

ಒಂದು ಕೈ ಎದ್ದಿತು. ಆಮೇಲೆ ಎರಡು. ಆಮೇಲೆ ಬಿತ್ತಿದ ಬೀಜ ಒಟ್ಟಿಗೆ ಮೊಳೆತ ಹಾಗೆ ಕೋಣೆ ತುಂಬ ಕೈಗಳು. ಮುಂದಿನ ಬೆಂಚಿನಲ್ಲಿ ಸದಾ ತಲೆದೂಗುತ್ತಿದ್ದ 'ಪಂಡಿತ'ನ ಕೈ ಎಲ್ಲರಿಗಿಂತ ಮೇಲಿತ್ತು. ಹಿಂದಿನ ಬೆಂಚಿನ ಹುಡುಗಿಯ ಕೈ ಮಾತ್ರ ಕೆಳಗೆ.

"ಕೈ ಇಳಿಸ್ಬೇಡಿ. ಹಾಗೇ ಕಣ್ಣು ತೆಗೀರಿ."

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು.  ಆಮೇಲೆ ಎದ್ದ ನಗುವಿಗೆ ಇತಿಹಾಸದ ತರಗತಿಯವರು ಬಾಗಿಲು ತೆರೆದು ಇಣುಕಿದರು. ಮೇಡಂ ಕೂಡ ನಕ್ಕರು. ನಕ್ಕು, ಬೋರ್ಡ್ ಒರೆಸಿ, ಮೊದಲ ಪಾಠವನ್ನು ಮೊದಲಿನಿಂದ ಶುರುಮಾಡಿದರು. ಅಂದಿನಿಂದ "ಅರ್ಥ ಆಯ್ತಾ?" ಎಂದು ಕೇಳುವುದನ್ನು ಬಿಟ್ಟು, "ಎಲ್ಲಿ ಕೈಬಿಟ್ಟು ಹೋಯ್ತು?" ಎಂದು ಕೇಳತೊಡಗಿದರು. ಆ ಪ್ರಶ್ನೆಗೆ "ಆಯ್ತು ಮೇಡಂ" ಎಂದು ಹಾಡಲು ಬರುತ್ತಿರಲಿಲ್ಲ.

ಮೆಟ್ಟಿಲ ಕೆಳಗೆ ಜನ ಸೇರತೊಡಗಿದರು. ಬರೀ ಓದಿಕೊಂಡೇ ಲೆಕ್ಕ ಕಲಿಯಲು ಹೊರಟಿದ್ದವರ ಪುಸ್ತಕವನ್ನು ಮೇಡಂ ಕಿತ್ತು ಮುಚ್ಚಿಡುತ್ತಿದ್ದರು. "ಈಜೋದನ್ನ ದಡದಲ್ಲಿ ಕೂತು ಓದ್ತೀಯಾ? ಇಳಿ ನೀರಿಗೆ." ಯಾರಾದರೂ ಲೆಕ್ಕ ಬಿಡಿಸಿ ತೋರಿಸಲು ಬಂದರೆ, "ನನಗೆ ಬೇಡಪ್ಪಾ, ನನಗೆ ಬರುತ್ತೆ. ಇವನಿಗೆ ಹೇಳು" ಎಂದು ಪಕ್ಕದವನ ಕಡೆ ತಿರುಗಿಸುತ್ತಿದ್ದರು. ಹೇಳಲು ಹೋದವನು ನಡುವೆ ತಡವರಿಸಿ, ತನಗೇ ಗೊತ್ತಿಲ್ಲದ್ದು ಎಲ್ಲಿದೆ ಎಂದು ತಾನೇ ಪತ್ತೆ ಹಚ್ಚುತ್ತಿದ್ದ. ಮೆಟ್ಟಿಲ ಮೇಲೆಲ್ಲ ಜೋಡಿ ಜೋಡಿಯಾಗಿ ಕೂತು ವಾದ ಮಾಡುವವರೇ. ಪದಬಂಧ ಖಾಲಿ ಉಳಿಯಿತು.

ಪ್ರಿನ್ಸಿಪಾಲರಿಗೆ ಮೆಟ್ಟಿಲು ಹತ್ತಲು ದಾರಿಯಿಲ್ಲದಂತಾಯಿತು. "ಮೇಡಂ, ಇದೇನು ಸಂತೆ? ಮೇಲ್ಗಡೆ ಗಾಜಿನ ಬಾಗಿಲಿನ ಒಳ್ಳೇ ಕೋಣೆ ಕೊಡ್ತೀನಿ. ಫ್ಯಾನಿದೆ, ದೊಡ್ಡ ಬೋರ್ಡಿದೆ. ಅಲ್ಲಿಗೆ ಹೋಗಿ."

ಮೇಡಂ ಹೋದರು. ಕೋಣೆ ಲಕಲಕ ಹೊಳೆಯುತ್ತಿತ್ತು. ಹುಡುಗರು ಗಾಜಿನಾಚೆ ನಿಂತು ಕೈಬೀಸಿ ನೀರು ಕುಡಿಯಲು ಕೆಳಗಿಳಿದರು. ಒಳಗೆ ಮಾತ್ರ ಯಾರೂ ಬರಲಿಲ್ಲ. ಹೊಸ ಕೋಣೆಯಲ್ಲಿ ಒಂಟಿಯಾಗಿ ಕೂತು ಸಾಕಾಗಿ ಮೇಡಂ ಪ್ರಿನ್ಸಿಪಾಲರ ಎದುರು ನಿಂತರು.

"ಸಾರ್, ಕೋಣೆ ಚೆನ್ನಾಗಿದೆ. ಒಂದೇ ಒಂದು ಕೊರತೆ."

"ಏನು ಬೇಕು ಹೇಳಿ. ಪ್ರೊಜೆಕ್ಟರಾ?"

"ನೀರಿನ ಫಿಲ್ಟರ್."

ಪ್ರಿನ್ಸಿಪಾಲರು ಹಣೆ ಚಚ್ಚಿಕೊಂಡರು. ಆದರೆ ಪ್ಲಂಬರನ್ನೂ ಕರೆಸಿದರು. ಫಿಲ್ಟರ್ ಮೇಲಿನ ಕೋಣೆಯ ಗೋಡೆಗೆ ಏರಿತು, ಹಿಂದೆಯೇ ಮೊದಲ ವರ್ಷವೂ ಏರಿತು.

ವರ್ಷದ ಪರೀಕ್ಷೆ ಬಂತು, ಹೋಯಿತು. ಎಲ್ಲರೂ ಗೆದ್ದರು ಎಂದರೆ ಸುಳ್ಳಾದೀತು. 'ಸೂಜಿ' ಹೇಳಿದ ಹುಡುಗ ತನಗೆ ಲೆಕ್ಕಕ್ಕಿಂತ ಭಾಷೆಯೇ ಇಷ್ಟ ಎಂದು ಬೇರೆ ವಿಭಾಗಕ್ಕೆ ಹೊರಟ. ಮೇಡಂ ಅವನನ್ನು ಸಂತೋಷವಾಗಿಯೇ ಕಳಿಸಿಕೊಟ್ಟರು. ಒಂದಿಬ್ಬರು ಮತ್ತೆ ಪರೀಕ್ಷೆ ಕಟ್ಟಬೇಕಾಯಿತು. ಉಳಿದವರು ತೇರ್ಗಡೆಯಾದರು, ಕೆಲವರು ಒಳ್ಳೆಯ ಅಂಕಗಳಲ್ಲೇ.

ಫಲಿತಾಂಶದ ದಿನ ಆ ಉದ್ದ ಜಡೆಯ ಹುಡುಗಿ ದಡದಡನೆ ಬಂದಳು. ಪಾಸಾಗಿದ್ದಳು. ಆದರೆ ಉತ್ತರಪತ್ರಿಕೆ ನೋಡಿ ಮುಖ ಕೆಂಪಗೆ.

"ಮೇಡಂ, ಕೊನೇ ಲೆಕ್ಕಕ್ಕೆ ಅಂಕವೇ ಕೊಟ್ಟಿಲ್ಲ. ನಾನು ಸರಿ ಮಾಡಿದ್ದೆ. ಇದು ಅನ್ಯಾಯ."

"ಮಾಡಿ ತೋರ್ಸು."

ಅವಳು ಬೋರ್ಡಿನ ಮೇಲೆ ಬಿಡಿಸಿದಳು. ಮೇಡಂ ನೋಡಿ, "ತಪ್ಪಿದೆ" ಎಂದರು.

"ಇಲ್ಲ ಮೇಡಂ. ನೀವು ಸರಿಯಾಗಿ ನೋಡ್ಲಿಲ್ಲ."

ಇತಿಹಾಸದ ಮೇಷ್ಟ್ರು ನೀರು ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ನಿಂತುಬಿಟ್ಟರು. ಗುಡುಗಿಗೆ ಎದುರುತ್ತರವೇ! ಮೇಡಂ ದನಿ ಏರಿಸಿದರು, ಹುಡುಗಿಯೂ ಏರಿಸಿದಳು. ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ವಾದ ನಡೆಯಿತು. ಕೊನೆಗೆ ನಡುವಿನ ಒಂದು ಸಾಲಿನ ಮೇಲೆ ಹುಡುಗಿಯ ಸೀಮೆಸುಣ್ಣ ನಿಂತಿತು. ಅಲ್ಲೊಂದು ಋಣಚಿಹ್ನೆ ಜಾರಿಹೋಗಿತ್ತು.

"ಅಯ್ಯೋ" ಎಂದಳು. ನಾಲಿಗೆ ಕಚ್ಚಿಕೊಂಡಳು. "ನಂದೇ ತಪ್ಪು ಮೇಡಂ. ಸಾರಿ, ಜೋರಾಗಿ ಮಾತಾಡ್ದೆ."

"ಮಾತಾಡಮ್ಮ, ಚೆನ್ನಾಗಿತ್ತು" ಎಂದರು ಮೇಡಂ. "ಮುಂದಿನ ವಾರ ಹೊಸಬರು ಬರ್ತಾರೆ. ಸಂಜೆ ಒಂದರ್ಧ ಗಂಟೆ ನೀನೂ ಬಂದು ಅವರ ಜೊತೆ ಕೂರ್ತೀಯಾ?"

ಹುಡುಗಿ ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಯೋಚಿಸಿದಳು. "ಬಸ್ಸು ಐದೂವರೆಗೆ ಮೇಡಂ. ಅಲ್ಲೀತನಕ ಇರ್ತೀನಿ."