ಹುರಿಗಡಲೆ ನಲವತ್ತೇಳು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಧಾರಿಣಿ ಮೂರನೇ ಸಲ ಪಾಸ್‌ವರ್ಡ್ ಒತ್ತಿದಳು. ಖಾತೆ ತಡೆಹಿಡಿಯಲಾಗಿದೆ ಎಂದೇ ಪರದೆ ಹೇಳಿತು. ಕಂಪ್ಯೂಟರ್ ನೋಡಿಕೊಳ್ಳುವ ರಜತ್ ಬಂದು, "ಮಯೂರಿ ಮೇಡಂ ಕ್ಯಾಬಿನ್‌ಗೆ ಬರಬೇಕಂತೆ" ಎಂದು ಹಿಂದಿಯಲ್ಲಿ ಹೇಳಿದ, ಅವಳ ಮುಖ ನೋಡದೆ.

ಫರೀದಾಬಾದಿನ ಆ ಕಾರ್ಖಾನೆಯಲ್ಲಿ ಟ್ರ್ಯಾಕ್ಟರಿನ ಬ್ರೇಕ್ ಭಾಗಗಳು ತಯಾರಾಗುತ್ತವೆ. ಅವನ್ನು ಪರೀಕ್ಷಿಸಿ ಕಂಪ್ಯೂಟರಿನಲ್ಲಿ 'ಪಾಸ್' ಕೊಡುವವಳು ಧಾರಿಣಿ. ಅವಳ ಲಾಗಿನ್ ಇಲ್ಲದೆ ಲಾರಿ ಗೇಟು ದಾಟುವುದಿಲ್ಲ. ದಾವಣಗೆರೆಯಿಂದ ಬಂದ ಅವಳಿಗೆ ಅಲ್ಲಿ ಕನ್ನಡ ಮಾತಾಡಲು ಇದ್ದದ್ದು ಒಬ್ಬನೇ: ರವಾನೆ ವಿಭಾಗದ ಏಕನಾಥ, ಬೀದರಿನವನು. ಏಳು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿದ್ದರು.

ಪಾಸ್‌ವರ್ಡನ್ನು ಅವಳು ಎಲ್ಲೂ ಬರೆದಿಟ್ಟಿರಲಿಲ್ಲ, ಮೊಬೈಲಿನಲ್ಲಿ ಕಳಿಸಿರಲೂ ಇಲ್ಲ. ಹಿಂದೊಮ್ಮೆ ಮಗಳ ಶಾಲೆಗೆಂದು ರಜೆ ಹಾಕಿದ ದಿನ, ಆಗಲೇ ಪರೀಕ್ಷಿಸಿಟ್ಟ ಮಾಲಿನ ಲಾರಿ ನಿಂತಿದೆಯೆಂದು ಏಕನಾಥ ಫೋನ್ ಮಾಡಿದಾಗ, ಕಿಕ್ಕಿರಿದ ಮೆಟ್ರೋದಲ್ಲಿ ನಿಂತೇ ಗಟ್ಟಿಯಾಗಿ ಹೇಳಿದ್ದಳು: "ಹುರಿಗಡಲೆ, ಇಂಗ್ಲಿಷ್ ಅಕ್ಷರದಲ್ಲಿ. ಆಮೇಲೆ ನಲವತ್ತೇಳು." ಸುತ್ತಲಿನವರಿಗೆ ಕನ್ನಡ ಎಲ್ಲಿಂದ ಬರಬೇಕು? ಆಮೇಲೆ ಅದನ್ನು ಬದಲಿಸಲೂ ಇಲ್ಲ. ಬದಲಿಸಿದರೆ ಏಕನಾಥನನ್ನು ನಂಬಲಿಲ್ಲವೆಂದಾಗುತ್ತಿತ್ತು.

ಕ್ಯಾಬಿನ್ನಿನಲ್ಲಿ ಮ್ಯಾನೇಜರ್ ಮಯೂರಿ ಒಂದು ಕಾಗದ ತಿರುಗಿಸಿ ಇಟ್ಟಳು. ಹಿಂದಿನ ತಿಂಗಳು ಬಿರುಕು ಕಂಡು ಧಾರಿಣಿ ತಡೆದಿದ್ದ ಮಾಲು, ಅದೇ ದಿನ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಅವಳದೇ ಲಾಗಿನ್‌ನಿಂದ ಪಾಸಾಗಿ ಹೋಗಿತ್ತು. ಗ್ರಾಹಕರು ವಾಪಸು ಕಳಿಸಿದ್ದರು.

"ಆ ಹೊತ್ತಿಗೆ ನಾನು ಕ್ಯಾಂಟೀನಿನಲ್ಲಿದ್ದೆ. ಏಕನಾಥ ಅವತ್ತು ಊಟಕ್ಕೆ ತಡವಾಗಿ ಬಂದ. ಏಕನಾಥನಿಗೆ ನನ್ನ ಪಾಸ್‌ವರ್ಡ್ ಗೊತ್ತು."

ಏಕನಾಥನನ್ನು ಕರೆಸಿದರು. ಏಳು ವರ್ಷದಲ್ಲಿ ಮೊದಲ ಸಲ ಅವನು ಅವಳೊಂದಿಗೆ ಹಿಂದಿಯಲ್ಲಿ ಮಾತಾಡಿದ: "ಧಾರಿಣಿ ಜೀ, ನಿಮ್ಮ ಪಾಸ್‌ವರ್ಡ್ ನನಗೆ ಹೇಗೆ ಗೊತ್ತಿರುತ್ತೆ?"

"ಕೊಟ್ಟಿದ್ದಕ್ಕೆ ಮೆಸೇಜ್ ಏನಾದರೂ ಇದೆಯಾ?" ಮಯೂರಿ ಕೇಳಿದಳು.

ಇರಲಿಲ್ಲ.

"ಕೊಟ್ಟಿದ್ದರೆ ಅದೂ ತಪ್ಪೇ. ಲಾಗಿನ್ ಯಾರದೋ, ಹೊಣೆ ಅವರದೇ."

ಹೊರಗೆ ಮೆಟ್ಟಿಲ ಬಳಿ ಏಕನಾಥ ಮತ್ತೆ ಕನ್ನಡಕ್ಕೆ ಬಂದ. "ಅಕ್ಕಾ, ಲಾರಿ ನಿಂತಿದ್ರ ನನ್ನ ನೌಕರಿ ಹೋಗ್ತಿತ್ತು. ನೀವು ಹಳಬ್ರು, ನಿಮ್ಮನ್ನ ತೆಗ್ಯಂಗಿಲ್ಲ."

"ಒಳಗೆ ಇದನ್ನೇ ಹೇಳು, ಬಾ."

ಅವನು ಮೊಬೈಲ್ ಕಿವಿಗಿಟ್ಟುಕೊಂಡು ಕೆಳಗಿಳಿದ. ಅದು ರಿಂಗಾದದ್ದು ಧಾರಿಣಿಗೆ ಕೇಳಿಸಿರಲಿಲ್ಲ.

ಗ್ರಾಹಕರಿಗೆ ಹೋದ ಪತ್ರದಲ್ಲಿ ತಪ್ಪಿತಸ್ಥಳೆಂದು ಅವಳ ಹೆಸರಿದೆ. ಗುರುವಾರದಿಂದ ಅವಳ ಕೆಲಸ ಉಗ್ರಾಣದಲ್ಲಿ. ಅಲ್ಲಿ ಕಂಪ್ಯೂಟರ್ ಇಲ್ಲ.